ಪಿಸ್ತೂಲಿನ ಕುದುರೆ ಹಗುರ ಮಾಡಲು ಹೋಗಿ

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೆ ಸಾವಿಲ್ಲ. ಬಾಯಿಯ ಸೇವೆಯಿಂದ ನಿವೃತ್ತವಾದ ಮೇಲೆ ಅದಕ್ಕೆ ವಾನಪ್ರಸ್ಥವೇ ಹೊರತು ಸಂನ್ಯಾಸವಿಲ್ಲ. ಒಂದು ಬಾಚಣಿಗೆಯ ಸಂದಿಗೆ, ಒಂದು ಮಿಕ್ಸಿ ಜಾರಿನ ತಳದ ವಾಷರಿಗೆ, ಇನ್ನೊಂದು ದೀಪದ ಕಂಬದ ಕೆತ್ತನೆಯಲ್ಲಿ ಕೂತ ಎಣ್ಣೆಜಿಡ್ಡಿಗೆ, ಹೀಗೆ ಒಂದೊಂದಕ್ಕೂ ಒಂದೊಂದು ಖಾತೆ ಹಂಚಿಕೆಯಾಗುತ್ತದೆ. ಪರ್ತ್‌ನ ಥಾರ್ನ್ಲಿ ಬಡಾವಣೆಯ ನಮ್ಮ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಹಳೆಯ ಹಾರ್ಲಿಕ್ಸ್ ಬಾಟಲಿಯೊಳಗೆ, ಅಂಥ ಐದು ಬ್ರಷ್ಷುಗಳು ತಲೆ ಮೇಲೆ ಮಾಡಿ ನಿಂತಿರುತ್ತಿದ್ದ ಕಾಲದ ಮಾತು ಹೇಳುತ್ತಿದ್ದೇನೆ. ಅವುಗಳಲ್ಲಿ ಹಸಿರು ಹಿಡಿಕೆಯದ್ದು ಪಿಸ್ತೂಲಿನದು.

ಗಾಬರಿಯಾಗಬೇಡಿ. ನಾನು ಸುಮಿತ್ರಾ, ಮೈಸೂರಿನವಳು, ಜಿರಲೆಯನ್ನು ಕೂಡ ಪೊರಕೆಯಲ್ಲಿ ಬಡಿಯದೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟುಬರುವ ಜಾತಿ. ವೃತ್ತಿಯಿಂದ ಹಲ್ಲು ಮಾಡುವವಳು. ದಂತವೈದ್ಯೆಯಲ್ಲ; ನಮ್ಮ ನೆಂಟರು ಮದುವೆಮನೆಗಳಲ್ಲಿ ನನ್ನೆದುರು ಬಾಯಿ ತೆರೆದು ದವಡೆ ತೋರಿಸುವುದನ್ನು ಇಂದಿಗೂ ಬಿಟ್ಟಿಲ್ಲವಾದರೂ, ನಾನು ಆ ಪೈಕಿಯವಳಲ್ಲ. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಅದಕ್ಕೆ ತಕ್ಕ ಹಲ್ಲು ರೂಪಿಸಿ, ಉಜ್ಜಿ, ಹೊಳಪಿಟ್ಟು ವಾಪಸು ಕಳಿಸುತ್ತೇನೆ. ಊರವರ ಬಾಯಿಗೆ ಬೀಳಬಾರದೆಂದು ಅಮ್ಮ ಎಷ್ಟು ಎಚ್ಚರಿಸಿ ಬೆಳೆಸಿದರೂ, ಊರವರ ಬಾಯಿಗೆ ಬೀಳುವುದೇ ನನ್ನ ಹೊಟ್ಟೆಪಾಡಾಯಿತು. ಅದಿರಲಿ. ಹೊಳಪು ಕೊಡುವುದರಲ್ಲಿ ನನ್ನನ್ನು ಮೀರಿಸಿದವರು ಈ ದಕ್ಷಿಣಾರ್ಧಗೋಳದಲ್ಲಿಲ್ಲ ಎಂಬ ಸಣ್ಣದೊಂದು ಹಮ್ಮು ನನಗಿತ್ತು. ಮುಂದೆ ನಡೆದದ್ದಕ್ಕೆಲ್ಲ ಆ ಹಮ್ಮೇ ಕಾರಣ.

ಪರ್ತ್‌ಗೆ ಬರುವ ಮೊದಲು ನಾಲ್ಕು ವರ್ಷ ಬ್ರಿಸ್ಬೇನಿನ ಫಾರೆಸ್ಟ್ ಲೇಕಿನಲ್ಲಿದ್ದೆವು. ಅಲ್ಲಿನ ಕೆರೆ ಮನುಷ್ಯರು ತೋಡಿದ್ದು. ಆದರೂ ಬಾತುಕೋಳಿಗಳು ತಕರಾರಿಲ್ಲದೆ ಅದನ್ನು ಒಪ್ಪಿಕೊಂಡಿದ್ದವು, ನಾವೂ ಒಪ್ಪಿಕೊಂಡಿದ್ದೆವು. ಆ ಕೆರೆಯ ಸುತ್ತಣ ಕನ್ನಡಿಗರಿಗೆಲ್ಲ ನಾನು ಖಾಯಂ ಕೋಸಂಬರಿ: ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಯಾರದೋ ಮಗುವಿನ ಹುಟ್ಟುಹಬ್ಬವಿರಲಿ, "ಸುಮಿತ್ರಾ, ನೀವು ಕೋಸಂಬರಿ ತಂದ್ಬಿಡಿ" ಎಂಬಲ್ಲಿಗೆ ನನ್ನ ವ್ಯಕ್ತಿತ್ವದ ಪರಿಚಯ ಮುಗಿಯುತ್ತಿತ್ತು. ನೀರಿನ ಕೊಳವೆಗಳ ಎಂಜಿನಿಯರಾದ ನನ್ನ ಗಂಡ ನಾಗೇಶನಿಗೆ ಪರ್ತ್‌ಗೆ ವರ್ಗವಾದಾಗ, ಹೊಸ ಊರಿನಲ್ಲಿ ನನ್ನ ಕೈಯಡುಗೆಯ ಸುದ್ದಿಯೇ ಬಾರದ ಒಂದು ಜಾಗವನ್ನು ಹುಡುಕಿಕೊಳ್ಳಬೇಕೆಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಲ್ಯಾಬಿನ ಗೆಳತಿಯೊಬ್ಬಳು ಒಂದು ಶನಿವಾರ ಗುರಿ ಹೊಡೆಯುವ ಕ್ಲಬ್ಬಿಗೆ ಕರೆದೊಯ್ದಳು. ಇಪ್ಪತ್ತೈದು ಮೀಟರ್ ದೂರದ ಕಾಗದಕ್ಕೆ ಐದು ಗುಂಡು ಹೊಡೆದೆ. ಒಂದು ನಟ್ಟನಡುವೆ ಬಿತ್ತು. ಆ ಒಂದು ಬಿದ್ದದ್ದು ಆಕಸ್ಮಿಕ, ಉಳಿದ ನಾಲ್ಕು ಬೀಳದಿದ್ದದ್ದೇ ನನ್ನ ಸ್ವಭಾವ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಹೊರಡುವಾಗ ಕ್ಲಬ್ಬಿನ ಅಧ್ಯಕ್ಷೆ ಹೆಲೆನ್, ಮುಂದಿನ ಶನಿವಾರ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಇದೆ, ಒಂದು ತಟ್ಟೆ ಏನಾದರೂ ಮಾಡಿಕೊಂಡು ಬಾ ಎಂದಳು. ಕೋವಿ ಹಿಡಿದರೂ ಕೋಸಂಬರಿ ತಪ್ಪಲಿಲ್ಲ.

ಪರೀಕ್ಷೆ, ಅರ್ಜಿ, ತಿಂಗಳುಗಟ್ಟಲೆಯ ಕಾಯುವಿಕೆ ಎಲ್ಲ ಮುಗಿದು ಕೊನೆಗೊಂದು ಪುಟ್ಟ ಗುರಿಪಿಸ್ತೂಲು ನನ್ನದಾಯಿತು. ಅದಕ್ಕೊಂದು ಉಕ್ಕಿನ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ನಾಗೇಶ ನನ್ನ ರೇಷ್ಮೆಸೀರೆಗಳ ಕಪಾಟಿನೊಳಗೆ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ. ಆ ವರ್ಷದ ಆಯುಧಪೂಜೆಯಲ್ಲಿ ನನ್ನ ಸಂಭ್ರಮ ನೀವು ನೋಡಬೇಕಿತ್ತು. ಜೀವಮಾನವಿಡೀ ಕಾರಿಗೂ ಮಿಕ್ಸಿಗೂ ಈಳಿಗೆಮಣೆಗೂ ಕುಂಕುಮವಿಟ್ಟು ಆಯುಧವೆಂದು ಭಾವಿಸಿಕೊಂಡು ಬಂದವಳಿಗೆ ಮೊದಲ ಬಾರಿ ನಿಜವಾದ ಆಯುಧವೊಂದು ದಕ್ಕಿತ್ತು. ಅರಿಸಿನ, ಕುಂಕುಮ, ಒಂದೆಸಳು ಸೇವಂತಿಗೆ, ಏನೂ ಕಡಿಮೆ ಮಾಡಲಿಲ್ಲ. ಹದಿನೈದು ದಿನ ಕಳೆದು, ಪೆಟ್ಟಿಗೆಯ ಭದ್ರತೆ ನೋಡಲು ಬಂದ ಪೊಲೀಸಿನವನು ಪಿಸ್ತೂಲಿನ ಹಿಡಿಯ ಕೆಂಪನ್ನು ದಿಟ್ಟಿಸಿ, "ಇದು ರಕ್ತವೇ?" ಎಂದು ಕೇಳಿದ. "ಅಲ್ಲ, ಧರ್ಮ" ಎಂದೆ. ಎರಡಕ್ಕೂ ವ್ಯತ್ಯಾಸ ಕಾಣದ ಸಂದರ್ಭಗಳು ಲೋಕದಲ್ಲಿ ಸಾಕಷ್ಟಿರುವುದರಿಂದ ಅವನು ಇನ್ನೂ ಎರಡು ಪ್ರಶ್ನೆ ಕೇಳಿದ, ಆಮೇಲೆ ಹೋದ.

ಈಗ ಕೆವಿನ್ ವಿಷಯಕ್ಕೆ ಬರುತ್ತೇನೆ. ಥಾರ್ನ್ಲಿಯ ರೈಲುಹಳಿಯ ಆಚೆ ಬದಿಯಲ್ಲಿ ಒಬ್ಬರೇ ಇದ್ದರು, ವಯಸ್ಸು ಎಪ್ಪತ್ತಾರು, ಅದೇ ಹಳಿಯ ಮೇಲೆ ವರ್ಷಾನುಗಟ್ಟಲೆ ರೈಲು ಓಡಿಸಿ ನಿವೃತ್ತರಾದವರು. ಕ್ಲಬ್ಬಿನಲ್ಲಿ ಎಲ್ಲರ ಪಿಸ್ತೂಲುಗಳನ್ನೂ ಬಿಚ್ಚಿ ನೋಡಿ, ಸರಿಯಿದೆಯೆಂದು ಸಹಿ ಹಾಕಿ ಹಳದಿ ಚೀಟಿ ಕಟ್ಟುವ ಹೊಣೆ ಅವರದು. ಹೊಸಬರಿಗೆ ಗುರುಗಳೂ ಅವರೇ. ಮೊದಲ ದಿನ "ಕೆವಿನ್ ಅಂಕಲ್" ಎಂದು ಕರೆದಾಗ, ನಿನ್ನಪ್ಪನಿಗೆ ನಾನು ತಮ್ಮನಲ್ಲ ಎಂದುಬಿಟ್ಟರು. ಮಧ್ಯಾಹ್ನವನ್ನು ಆರ್ವೋ ಮಾಡಿ, ಪೆಟ್ರೋಲ್ ಬಂಕನ್ನು ಸರ್ವೋ ಮಾಡಿದ ಆಸ್ಟ್ರೇಲಿಯಾದ ಜನ ಸುಮಿತ್ರೆಯನ್ನು ಬಿಟ್ಟಾರೆಯೇ? ಎರಡನೆಯ ವಾರಕ್ಕೇ ನಾನು ಸುಮೋ ಆದೆ. ನನ್ನ ಮೈಕಟ್ಟನ್ನು ಬಲ್ಲವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಬೈಗುಳಗಳನ್ನು ಕಳೆದಿದ್ದೇನೆ, ಆದ್ದರಿಂದ ನಿಮಗೆ ಅರ್ಧ ಮಾತ್ರ ಸಿಗುತ್ತದೆ.

ನಮ್ಮ ಹಳೆಯ ಕನ್ನಡದಲ್ಲಿ ಬಂದೂಕಿನ ಟ್ರಿಗರಿಗೆ ಕುದುರೆ ಎಂಬ ಚೆಂದದ ಹೆಸರಿದೆ. ನನ್ನ ಪಾಲಿಗೆ ಬಂದ ಕುದುರೆ ಮಹಾ ಹಟಮಾರಿ. ಬೆರಳಿಟ್ಟು ಎಳೆದರೆ ಮೊದಲು ಕದಲುವುದೇ ಇಲ್ಲ. ಕದಲಿದರೆ ಒರಳಿನಲ್ಲಿ ಮರಳು ಬಿದ್ದಂತೆ ಗರಗರ ಎನ್ನುತ್ತದೆ. ಗರಗರದ ನಡುವೆ ಇನ್ನೊಮ್ಮೆ ನಿಲ್ಲುತ್ತದೆ. ನಾನು ತಾಳ್ಮೆಗೆಟ್ಟು ಜಗ್ಗುತ್ತೇನೆ. ಗುಂಡು ಕಾಗದದ ಎಡಗಡೆಯ ಕೆಳಮೂಲೆಗೆ ಹೋಗಿ ಬೀಳುತ್ತದೆ. ವಾರಗಟ್ಟಲೆ ಎಡಮೂಲೆಯನ್ನೇ ತೂತು ಮಾಡಿದ ಮೇಲೆ ಕೆವಿನ್‌ಗೆ ದೂರು ಕೊಟ್ಟೆ.

"ಇದು ತುಂಬಾ ಭಾರ. ಒರಟು ಬೇರೆ. ಒಳಗೆ ಸ್ವಲ್ಪ ನಯ ಮಾಡಿಕೊಡಿ."

ಅವರು ಪಿಸ್ತೂಲನ್ನು ತೆಗೆದುಕೊಂಡು, ಖಾಲಿಯಿದೆಯೆಂದು ಎರಡು ಸಲ ನೋಡಿ, ಗುರಿಯ ಕಡೆ ತಿರುಗಿ ಒಮ್ಮೆ ಎಳೆದರು. "ಕುದುರೆ ಸರಿಯಾಗೇ ಇದೆ, ಸುಮೋ. ಒರಟು ಇರೋದು ನಿನ್ನ ಬೆರಳು. ಸಾವಿರ ಸಲ ಖಾಲಿ ಎಳಿ, ಆಮೇಲೆ ಬಾ."

ಸಾವಿರ ಸಲ! ಹೇಳಿಕೊಟ್ಟದ್ದನ್ನು ಮಾಡುವುದಕ್ಕಿಂತ ಹೇಳಿಕೊಟ್ಟವರನ್ನು ತಪ್ಪೆಂದು ತೋರಿಸುವುದರಲ್ಲಿ ನನಗೆ ಹುಟ್ಟಿನಿಂದಲೂ ಆಸಕ್ತಿ ಹೆಚ್ಚು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಗಡ್ಡ ಬಿಟ್ಟ ಮಾವಂದಿರ ದಂಡೇ ಅಲ್ಲಿ ಅಡುಗೆ ಕಾರ್ಯಕ್ರಮದ ಹುರುಪಿನಲ್ಲಿ ಪಿಸ್ತೂಲು ಬಿಚ್ಚಿ ಕೂತಿತ್ತು. ಅವರಿಂದ ನನಗೆ ತಿಳಿದದ್ದು ಇಷ್ಟು: ಒಳಗೆ ಸುತ್ತಿಗೆಯಂಥದೊಂದಿದೆ, ಅದನ್ನು ತಡೆದು ನಿಲ್ಲಿಸುವ ಕೊಕ್ಕೆಯೊಂದಿದೆ, ಬೆರಳು ಎಳೆದಾಗ ಕೊಕ್ಕೆ ಜಾರುತ್ತದೆ, ಸುತ್ತಿಗೆ ಬಡಿಯುತ್ತದೆ. ಗರಗರವೆಲ್ಲ ಅವೆರಡೂ ತಾಗುವ, ಅಕ್ಕಿಕಾಳಿನಷ್ಟಗಲದ ಜಾಗದ್ದು. ಅಷ್ಟೇ ತಾನೆ? ಅದಕ್ಕಿಂತ ಸಣ್ಣ ಜಾಗಗಳಿಗೆ ದಿನಕ್ಕೆ ಹನ್ನೆರಡು ಸಲ ಹೊಳಪು ಕೊಡುವವಳು ನಾನು. ಕ್ಲಬ್ಬಿನ ನಿಯಮದಂತೆ ಒಳಗಿನ ಭಾಗಗಳನ್ನು ಸದಸ್ಯರು ತಾವಾಗಿ ಮುಟ್ಟುವಂತಿರಲಿಲ್ಲ. ನಿಯಮವನ್ನು ಓದಿದ್ದೆ, ಸಹಿ ಕೂಡ ಹಾಕಿದ್ದೆ. ಅದು ಕೈ ನಡುಗುವವರಿಗಾಗಿ ಬರೆದದ್ದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಒಂದು ಭಾನುವಾರದ ಮಧ್ಯಾಹ್ನ ನಾಗೇಶ ಕ್ರಿಕೆಟ್ ನೋಡಲು ಗೆಳೆಯರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕೂತೆ. ಬಿಚ್ಚಿದ ಎರಡನೆಯ ನಿಮಿಷಕ್ಕೆ ಸ್ಪ್ರಿಂಗೊಂದು ಚಂಗನೆ ಹಾರಿ ಫ್ರಿಜ್ಜಿನಡಿಗೆ ಸೇರಿತು. ಹದಿಮೂರು ವರ್ಷದ ಮಗಳು ಅನಘಾ ಫೋನಿನ ಬೆಳಕು ಹಿಡಿದು, ನಾನು ನೆಲಕ್ಕೆ ಕೆನ್ನೆಯೊತ್ತಿ ಪೊರಕೆಕಡ್ಡಿಯಿಂದ ಕೆದಕಿ, ಎರಡು ಒಣ ಬಟಾಣಿ ಮತ್ತು ಒಂದು ಕಿವಿಯೋಲೆಯ ತಿರುಪಿನೊಂದಿಗೆ ಅದನ್ನು ಹೊರತೆಗೆದೆವು.

"ಅಮ್ಮಾ, ಈಸ್ ದಿಸ್ ಈವನ್ ಅಲೌಡ್?" ಎಂದಳು.

"ನಿನ್ನ ರೂಮು ಕ್ಲೀನ್ ಆಗಿದ್ಯಾ?" ಎಂದೆ. ಅವಳು ಹೊರಟುಹೋದಳು. ಉತ್ತರವಿಲ್ಲದ ಪ್ರಶ್ನೆಗಳಿಗೆ ತಾಯಂದಿರ ಬಳಿ ಇರುವ ಏಕೈಕ ಅಸ್ತ್ರವದು.

ಲ್ಯಾಬಿನಿಂದ ತಂದ ಮೆತ್ತನೆಯ ಚಕ್ರ, ಮೇಣದಂಥ ಹೊಳಪಿನ ಉಂಡೆ, ಕಣ್ಣಿಗೆ ಭೂತಗನ್ನಡಿ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಸಾಕು ಎನ್ನುವ ಹಂತ ಬಂದಿತ್ತು, ಅದು ನನಗೆ ತಿಳಿದೂ ಇತ್ತು. ಆದರೆ ಆ ಉಕ್ಕಿನಲ್ಲಿ ನನ್ನ ಮುಖ ಇನ್ನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಕಾಣುವವರೆಗೂ ಉಜ್ಜಿದೆ. ಹಲ್ಲಿನ ಕೆಲಸದಲ್ಲಿ ಹೊಸಬರಿಗೆ ನಾನೇ ಹೇಳುವ ಮಾತೊಂದಿದೆ: ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕಚ್ಚುವ ಬಿಂದುವನ್ನು ಮಾತ್ರ ಹೊಳಪಿನ ಆಸೆಗೆ ತೇಯಬೇಡಿ, ಹಲ್ಲು ಚೆಂದವಾಗಿರುತ್ತದೆ, ಅಗಿಯುವುದಿಲ್ಲ. ಆ ಭಾನುವಾರ ನನ್ನ ಪಾಠ ನನಗೇ ನೆನಪಾಗಲಿಲ್ಲ.

ಮರಳಿ ಜೋಡಿಸಿ ಎಳೆದರೆ, ಅಬ್ಬಾ! ಬೆಣ್ಣೆಯಿಂದ ಕೂದಲೆಳೆ ತೆಗೆದ ಹಾಗೆ. ಮುಂದಿನ ಶನಿವಾರ ಗುಂಡುಗಳು ಎಡಮೂಲೆಯ ನಂಟು ಕಡಿದುಕೊಂಡು ನಡುಮನೆಗೆ ಬಂದು ಕೂತವು. ಅದರ ಮುಂದಿನ ಶನಿವಾರ ಇನ್ನೂ ಒಳಗೆ. ಹೆಲೆನ್ ಬೆನ್ನು ತಟ್ಟಿ, "ಏನು ಮಾಡಿದೆ?" ಎಂದಳು. "ಸಾವಿರ ಸಲ ಖಾಲಿ ಎಳೆದೆ" ಎಂದೆ. ಪಕ್ಕದಲ್ಲಿದ್ದ ಕೆವಿನ್ ಮುಖ ಎಷ್ಟು ಅರಳಿತೆಂದರೆ, ಆ ಕ್ಷಣ ನನಗೇ ಅದು ನಿಜವಿದ್ದರೂ ಇರಬಹುದೆನ್ನಿಸಿತು. ಆರನೆಯ ವಾರ ಅಡಿಲೇಡಿನ ಪಂದ್ಯಕ್ಕೆ ಹೋಗುವ ಕ್ಲಬ್ಬಿನ ತಂಡದಲ್ಲಿ ನನ್ನ ಹೆಸರಿತ್ತು. ಮೈಸೂರಿಗೆ ಫೋನು ಮಾಡಿ ಹೇಳಿದಾಗ ಅಮ್ಮ, "ಅಲ್ಲೂ ಏನಾದ್ರೂ ಮಾಡ್ಕೊಂಡು ಹೋಗ್ಬೇಕಾ?" ಎಂದು ಕೇಳಿದಳು.

ತಂಡದವರ ಪಿಸ್ತೂಲುಗಳನ್ನೆಲ್ಲ ಹೊರಡುವ ಮೊದಲು ಕೆವಿನ್ ಇನ್ನೊಮ್ಮೆ ತಪಾಸಣೆ ಮಾಡಬೇಕಿತ್ತು. ಇದನ್ನು ನಾನು ಎಣಿಸಿರಲಿಲ್ಲ. ನನ್ನದನ್ನು ಅವರು ಒಳಕೋಣೆಗೆ ಒಯ್ದಾಗ ಕಿಟಕಿಯ ಹೊರಗೆ ಮ್ಯಾಗ್‌ಪೈ ಹಕ್ಕಿಗಳನ್ನು ನೋಡುತ್ತ ನಿಂತೆ. ಅರ್ಧಗಂಟೆಯ ಮೇಲೆ ಅವರು ಹೊರಬಂದು, ಹೊಸ ಹಳದಿ ಚೀಟಿ ಕಟ್ಟಿದ್ದ ಪಿಸ್ತೂಲನ್ನು ನನ್ನ ಕೈಗಿತ್ತು, "ಚೆನ್ನಾಗಿದೆ" ಎಂದರು. ಆಗ ನನಗಾದ ನಿರಾಳವನ್ನು ಏನೆಂದು ಹೇಳಲಿ! ಕೆವಿನ್ ಕಣ್ಣಿಗೆ ಬೀಳದ ತಪ್ಪು ತಪ್ಪೇ ಅಲ್ಲ ಎಂದು ಆ ಕ್ಷಣವೇ ನಿಶ್ಚಯಿಸಿದೆ. ನಮ್ಮ ಪಾಪಕ್ಕೆ ಇನ್ನೊಬ್ಬರ ಸಹಿ ಬಿದ್ದರೆ ಅದು ಪುಣ್ಯದ ಲೆಕ್ಕಕ್ಕೆ ಸೇರುತ್ತದೆಂದು ನಂಬಿದವಳು ನಾನೊಬ್ಬಳೇ ಅಲ್ಲ; ಹಾಗೆ ನಂಬಿಯೇ ಲೋಕದ ಎಷ್ಟೋ ಕಚೇರಿಗಳು ನಡೆಯುತ್ತಿವೆ.

ಅದರ ಮುಂದಿನ ಶನಿವಾರ ನನ್ನ ಸಾಲಿನಲ್ಲಿ ನಿಂತಿದ್ದೆ. ಕೆವಿನ್ ಬಲಗಡೆಯ ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನು ನೋಡುತ್ತಿದ್ದರು. ಗುಂಡುಗಳನ್ನು ತುಂಬಿದೆ. ಪಿಸ್ತೂಲು ಇನ್ನೂ ಮುಂದಿನ ಬೆಂಚಿನ ಮೇಲೆಯೇ, ಮೂತಿ ಗುರಿಯ ಕಡೆ. ನನ್ನ ಬೆರಳು ಕುದುರೆಯ ಹತ್ತಿರವೂ ಇರಲಿಲ್ಲ. ಗುಂಡು ಒಳಸೇರಲೆಂದು ಹಿಂದಕ್ಕೆಳೆದ ಸ್ಲೈಡನ್ನು, ಅಂದರೆ ಪಿಸ್ತೂಲಿನ ಜಾರುವ ಮೇಲ್ಭಾಗವನ್ನು, ಬಿಟ್ಟೆ, ಅಷ್ಟೇ. ಢಮ್ ಎಂದಿತು. ಬೆಂಚಿನ ಮರದ ಅಂಚು ಸಿಡಿದು, ಒಂದು ಚಕ್ಕೆ ಹಾರಿ, ಕೆವಿನ್ ಹುಬ್ಬಿನ ಮೇಲೆ ಕೆಂಪು ಗೆರೆ ಮೂಡಿತು. ಆ ಗೆರೆ ಇಳಿದು ಕನ್ನಡಕದ ಅಂಚಿನಲ್ಲಿ ತುಂಬಿಕೊಂಡಿತು. ಯಾರೋ "ನಿಲ್ಲಿಸಿ!" ಎಂದು ಕೂಗಿದರು. ಎಲ್ಲರೂ ಪಿಸ್ತೂಲುಗಳನ್ನು ಕೆಳಗಿಟ್ಟು ಹಿಂದೆ ಸರಿದರು.

ಹೆಲೆನ್ ಬಂದು ಮೊದಲು ಕೆವಿನ್ ಹುಬ್ಬಿಗೆ ಬಟ್ಟೆಯೊತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೆರಳು ಒಳಗಿತ್ತಾ?"

"ಇಲ್ಲ."

"ಇರಲಿಲ್ಲ," ಎಂದರು ಕೆವಿನ್. "ನಾನು ನೋಡ್ತಾ ಇದ್ದೆ. ಅವಳ ಕೈ ಸರಿಯಾಗೇ ಇತ್ತು."

"ಹಾಗಾದ್ರೆ ಒಳಗಿನ ದೋಷ," ಎಂದು ಹೆಲೆನ್ ಚೀಟಿಯನ್ನು ತಿರುಗಿಸಿ ಸಹಿ ನೋಡಿದಳು. ಸುತ್ತ ನಿಂತಿದ್ದವರೆಲ್ಲ ಒಟ್ಟಿಗೆ ಕೆವಿನ್ ಕೈಗಳ ಕಡೆ ನೋಡಿದರು. ಆ ಕೈಗಳು ಕೆಲವು ತಿಂಗಳಿಂದ ಟೀ ಕಪ್ಪು ಹಿಡಿದಾಗ ನಡುಗುತ್ತಿದ್ದುದನ್ನು ಎಲ್ಲರೂ ಕಂಡಿದ್ದರು, ಯಾರೂ ಆಡಿರಲಿಲ್ಲ. ಕೆವಿನ್ ಕೈಗಳನ್ನು ಜೇಬಿಗಿಳಿಸಿದರು. ಸದಸ್ಯರ ಪಿಸ್ತೂಲುಗಳ ಒಳಗನ್ನು ಮುಟ್ಟುತ್ತಿದ್ದವರು ಅವರೊಬ್ಬರೇ ಆದ್ದರಿಂದ ಬೇರೆ ಯಾರ ಮೇಲೂ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನನ್ನ ಪಿಸ್ತೂಲನ್ನು ಕ್ಲಬ್ಬಿನ ತಿಜೋರಿಯಲ್ಲಿಟ್ಟು ಬೀಗ ಹಾಕುವುದು, ಬುಧವಾರ ಸಮಿತಿ ಸೇರುವುದು, ಆಮೇಲೆ ಪರವಾನಗಿಯಿರುವ ರಿಪೇರಿಯವನಿಗೆ ಒಪ್ಪಿಸುವುದು ಎಂದಾಯಿತು. ನಾನು ಬಾಯಿ ತೆರೆಯಲಿಲ್ಲ. ನಾಲ್ಕು ಶಬ್ದ ಸಾಕಿತ್ತು. ಊರಿಗೆಲ್ಲ ಹಲ್ಲು ಮಾಡಿಕೊಡುವವಳ ಬಾಯಲ್ಲಿ ಆ ಹೊತ್ತು ನಾಲಗೆಯೇ ಇರಲಿಲ್ಲ.

ಮನೆಗೆ ಬಂದು ನಾಗೇಶನಿಗೆ ಎಲ್ಲವನ್ನೂ ಹೇಳಿದೆ. ಅವನು ಟಿವಿಯ ಸದ್ದು ಕಡಿಮೆ ಮಾಡಿ ಕೂತು ಕೇಳಿದ.

"ಕೆವಿನ್ ಚೆಕ್ ಮಾಡಿದಾರೆ ತಾನೆ? ಅವರು ಪಾಸ್ ಮಾಡಿದ್ಮೇಲೆ ನಿಂದೇನಿದೆ ಅದ್ರಲ್ಲಿ?" ಎಂದ.

"ಅವರ ಹುಬ್ಬಿಂದ ರಕ್ತ ಬಂತು ನಾಗೇಶ. ಕನ್ನಡಕ ಇಲ್ದೆ ಇಷ್ಟು ಕೆಳಗೆ ಬಿದ್ದಿದ್ರೆ ಕಣ್ಣು."

"ಬೀಳ್ಲಿಲ್ವಲ್ಲ. ನೋಡು, ಸಿಟಿಜನ್‌ಷಿಪ್ಪಿಗೆ ಹಾಕಿ ಕೂತಿದೀವಿ. ಈಗ ಪೊಲೀಸು ಗಿಲೀಸು ಅಂತ ಮೈಮೇಲೆ ಎಳ್ಕೋಬೇಡ ಕಣೆ. ಅವರಿಗೆ ವಯಸ್ಸಾಗಿದೆ, ಹೇಗೂ ಬಿಡ್ತಾರೆ ಆ ಕೆಲಸನ."

ಅವನು ಕೆಟ್ಟವನಲ್ಲ. ನಾನು ಕೇಳಬೇಕೆಂದಿದ್ದುದನ್ನೇ ಅವನು ಹೇಳಿದ. ಅದು ಬೇರೆಯವರ ಬಾಯಿಂದ ಬಂದಾಗ ಎಷ್ಟು ಅಸಹ್ಯವಾಗಿ ಕೇಳಿಸುತ್ತದೆಂಬುದು ಆಗಲೇ ನನಗೆ ತಿಳಿದದ್ದು. ನಮ್ಮ ಭಾಷೆಯಲ್ಲಿ ಹಗುರ ಎನ್ನುವ ಶಬ್ದಕ್ಕೆ ಎರಡು ಮುಖ. ಹೊರೆ ಹಗುರಾದರೆ ಸಂತೋಷ. ಮನುಷ್ಯ ಹಗುರಾದರೆ ಅವನ ಕಥೆ ಮುಗಿದ ಹಾಗೆ. ಪಿಸ್ತೂಲನ್ನು ಹಗುರ ಮಾಡಲು ಹೋಗಿ ನಾನೇ ಹಗುರಾಗಿ ಕೂತಿದ್ದೆ. ಭಾನುವಾರ, ಸೋಮವಾರ ಎರಡು ದಿನವೂ ಲ್ಯಾಬಿನಲ್ಲಾಗಲಿ ಮನೆಯಲ್ಲಾಗಲಿ ಮಾಡಿದ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.

ಮಂಗಳವಾರ ಕೆಲಸ ಮುಗಿಸಿದವಳು ಸೀದಾ ಕೆವಿನ್ ಮನೆಗೆ ಕಾರು ತಿರುಗಿಸಿದೆ. ಹಿತ್ತಲ ಶೆಡ್ಡಿನಲ್ಲಿದ್ದರು. ಹುಬ್ಬಿನ ಮೇಲೆ ಪಟ್ಟಿ. ಅದರ ಸುತ್ತ ನೀಲಿಗಟ್ಟಿದ ಊತ. ಕೂರು ಎಂದರು. ಕೂರಲಿಲ್ಲ.

"ಒಳಗಿನ ಕೊಕ್ಕೆಗೆ ನಾನು ಹೊಳಪು ಕೊಟ್ಟಿದ್ದೆ ಕೆವಿನ್. ಮನೆಯಲ್ಲಿ. ಲ್ಯಾಬಿನ ಚಕ್ರ ತಂದು, ಅದು ಸುತ್ತಿಗೆಯನ್ನು ತಡೆಯದಷ್ಟು ತೇದುಬಿಟ್ಟೆ. ಸಾವಿರ ಸಲ ಎಳೆದೆ ಅಂದಿದ್ದು ಸುಳ್ಳು."

ಅವರ ಮುಖದ ಬಣ್ಣ ಮೆಲ್ಲಗೆ ಏರಿತು. ಆಮೇಲೆ ಬೈದರು. ಎಪ್ಪತ್ತಾರು ವರ್ಷದ ಮನುಷ್ಯ, ಎಂದೂ ದನಿಯೇರಿಸದವರು, ಶೆಡ್ಡಿನ ತಗಡು ಅದುರುವಂತೆ ಬೈದರು. ತಾವು ಕೂತ ಜಾಗದಲ್ಲಿ ಯಾರದಾದರೂ ಮಗು ಇದ್ದಿದ್ದರೆ, ಚಕ್ಕೆಯ ಬದಲು ಗುಂಡೇ ಸಿಡಿದು ಬಂದಿದ್ದರೆ, ಎಂದು ಒಂದೊಂದಾಗಿ ಕೇಳಿದರು. ಅಳುವುದು ಕೂಡ ಒಂದು ಬಗೆಯ ನುಣುಚಿಕೊಳ್ಳುವಿಕೆ ಎನ್ನಿಸಿ ಅಳದೆ ನಿಂತೆ. ಆಚೆ ಹಳಿಯ ಮೇಲೊಂದು ರೈಲು ಹಾದುಹೋಯಿತು. ಅದು ಪೂರ್ತಿ ಹೋದ ಮೇಲೆ ಕೆವಿನ್ ದನಿ ತಗ್ಗಿಸಿ ಕೇಳಿದರು:

"ಇದು ಯಾವಾಗ? ನಾನು ಚೀಟಿ ಕಟ್ಟೋಕ್ಕಿಂತ ಮುಂಚೆನಾ?"

"ಆರು ವಾರ ಮುಂಚೆ."

"ಹಾಗಿದ್ರೆ ನನ್ನ ಕಣ್ಣಿಗೆ ಬೀಳಬೇಕಿತ್ತು."

"ಅದೇ ನನಗೂ ಅರ್ಥವಾಗಲಿಲ್ಲ. ಕನ್ನಡಿ ಹಾಗೆ ಹೊಳೀತಿತ್ತು. ನಿಮಗೆ ಹೇಗೆ ಕಾಣಲಿಲ್ಲ?"

ಕೆವಿನ್ ತಮ್ಮ ಕೈಗಳನ್ನು ನೋಡಿಕೊಂಡರು. ಈ ಸಲ ಜೇಬಿಗೆ ಹಾಕಿಕೊಳ್ಳಲಿಲ್ಲ.

"ಯಾಕಂದ್ರೆ ನಾನು ಬಿಚ್ಚಲೇ ಇಲ್ಲ," ಎಂದರು. "ಒಳಗಡೆ ಒಂದು ಸಣ್ಣ ಪಿನ್ನು ಇದೆ. ಅದನ್ನ ಹೊರಗೆ ತಳ್ಳೋದಕ್ಕೆ ಇಪ್ಪತ್ತು ನಿಮಿಷ ಪ್ರಯತ್ನ ಮಾಡಿದೆ. ಕೈ ನಿಲ್ಲಲಿಲ್ಲ. ಯಾರನ್ನಾದರೂ ಕರೀಬಹುದಿತ್ತು. ಕರೀಲಿಲ್ಲ. ಎರಡು ಸಲ ಖಾಲಿ ಎಳೆದು ನೋಡಿದೆ, ಸಹಿ ಹಾಕಿದೆ. ನಯವಾಗಿತ್ತು. ಹುಡುಗಿ ಸಾವಿರ ಸಲ ಎಳೆದಿದಾಳೆ, ಪಳಗಿಬಿಟ್ಟಿದೆ ಅಂದ್ಕೊಂಡೆ."

ನಾನು ಆಗ ಕೂತೆ. ಅವರ ಸಹಿಯನ್ನು ನಂಬಿ ನಾನು ನನ್ನ ಸುಳ್ಳನ್ನು ಮರೆತಿದ್ದೆ, ನನ್ನ ಸುಳ್ಳನ್ನು ನಂಬಿ ಅವರು ತಮ್ಮ ಸಹಿ ಹಾಕಿದ್ದರು. ಒಬ್ಬರಿಗೊಬ್ಬರು ಹೀಗೆ ಆತುಕೊಂಡು ನಿಂತ ಎರಡು ಕಳ್ಳಗೋಡೆಗಳ ನಡುವೆ ಒಂದು ಗುಂಡು ಹೊರಟಿತ್ತು. ಹೆಲೆನ್‌ಗೆ ಕೆವಿನ್ ಆಗಲೇ ಒಂದು ಕಾಗದ ಬರೆದು ಮೇಜಿನ ಮೇಲಿಟ್ಟಿದ್ದರು. ಅದರಲ್ಲಿ, ತಪಾಸಣೆಯಲ್ಲಿ ನನ್ನ ಕಣ್ಣು ತಪ್ಪಿತು, ಕೆಲಸ ಬಿಡುತ್ತೇನೆ ಎಂದಿತ್ತು. ಬಿಚ್ಚಲೇ ಇಲ್ಲವೆಂದು ಇರಲಿಲ್ಲ. ಓದಿ ವಾಪಸು ಕೊಟ್ಟೆ.

"ಇದು ನನ್ನದಕ್ಕಿಂತ ನಯವಾದ ಪಾಲಿಶು," ಎಂದೆ.

ಅವರು ನಕ್ಕರೋ ನೊಂದರೋ ಹುಬ್ಬಿನ ಪಟ್ಟಿಯ ದೆಸೆಯಿಂದ ತಿಳಿಯಲಿಲ್ಲ. ಕಾಗದವನ್ನು ನಾಲ್ಕಾಗಿ ಹರಿದರು.

ಬುಧವಾರ ಸಂಜೆ ಸಮಿತಿಯ ಮುಂದೆ ಇಬ್ಬರೂ ನಿಂತು, ಮೊದಲು ನಾನು, ಆಮೇಲೆ ಅವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ರಿಪೇರಿಯವನು ಕೊಕ್ಕೆ ಬಿಚ್ಚಿದ ದಿನ ಹೇಗೂ ಒಂದಿಷ್ಟು ಹೊರಬೀಳುತ್ತಿತ್ತು, ಆದ್ದರಿಂದ ಇದರಲ್ಲಿ ಶೌರ್ಯವನ್ನೇನೂ ಹುಡುಕಬೇಡಿ. ಹೆಲೆನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ನಿಮ್ಮಿಬ್ಬರಲ್ಲಿ ಹೆಚ್ಚು ಪೆದ್ದರು ಯಾರು ಅಂತ ಮತಕ್ಕೆ ಹಾಕಬೇಕಾಗುತ್ತೆ" ಎಂದಳು. ಮತಕ್ಕೆ ಹಾಕಲಿಲ್ಲ, ಆದರೆ ಕರುಣೆಯನ್ನೂ ತೋರಿಸಲಿಲ್ಲ. ಪೊಲೀಸರಿಗೆ ವರದಿ ಹೋಯಿತು. ಅಡಿಲೇಡ್ ತಂಡದಿಂದ ನನ್ನ ಹೆಸರು ಹೋಯಿತು. ಮೂರು ತಿಂಗಳು ಕ್ಲಬ್ಬಿನ ಅಂಗಳಕ್ಕೆ ಕಾಲಿಡಬಾರದು, ಆಮೇಲೆ ಹೊಸಬರ ತರಗತಿಯನ್ನು ಮೊದಲಿನಿಂದ ಮಾಡಬೇಕು ಎಂದಾಯಿತು. ಕೆವಿನ್ ಕೈಯಿಂದ ಹಳದಿ ಚೀಟಿಗಳ ಕಟ್ಟನ್ನು ಹೆಲೆನ್ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಅವಳು ಅವರ ಮುಖ ನೋಡಲಿಲ್ಲ, ಅವರೂ ಅವಳ ಮುಖ ನೋಡಲಿಲ್ಲ. ಪೊಲೀಸರು ಎರಡು ಸಲ ಬಂದು ಉದ್ದನೆಯ ಪ್ರಶ್ನೆಗಳನ್ನು ಕೇಳಿ, ಲಿಖಿತ ಎಚ್ಚರಿಕೆಯೊಂದನ್ನು ಕೊಟ್ಟು ಹೋದರು. ನಾಗೇಶ ಒಂದು ವಾರ ಮಾತು ಬಿಟ್ಟ. ಎಂಟನೆಯ ದಿನ ಉಪ್ಪಿನಕಾಯಿ ಎಲ್ಲಿದೆ ಎಂದು ಕೇಳಿದ.

ಮೂರು ತಿಂಗಳ ಮೇಲೆ ಹೊಸಬರ ತರಗತಿಗೆ ಹೋದಾಗ, ಮೀಸೆ ಮೂಡುತ್ತಿದ್ದ ನಾಲ್ವರು ವಿದ್ಯಾರ್ಥಿಗಳ ನಡುವೆ ನಾನೊಬ್ಬಳು ನಲವತ್ತನಾಲ್ಕರ ಹೊಸಬಳು. ಕಲಿಸಲು ನಿಂತಿದ್ದವರು ಕೆವಿನ್. ಸ್ಕ್ರೂಡ್ರೈವರ್ ಹಿಡಿಯಬೇಡಿ, ಬಾಯಿಯಾದರೂ ಬಳಸಿ ಎಂದು ಹೆಲೆನ್ ಅವರಿಗೆ ಆ ಕೆಲಸ ಕೊಟ್ಟಿದ್ದಳಂತೆ. ನನಗೆ ಕ್ಲಬ್ಬಿನ ಅತಿ ಹಳೆಯ ಪಿಸ್ತೂಲನ್ನು ಆರಿಸಿ ಕೊಟ್ಟರು. ಅದರ ಕುದುರೆಯನ್ನು ಕತ್ತೆಯೆಂದರೂ ಹೊಗಳಿದಂತಾಗುತ್ತದೆ. ಖಾಲಿ ಪಿಸ್ತೂಲಿನ ಮೂತಿಯ ಮೇಲೆ ಒಂದು ನಾಣ್ಯವಿಟ್ಟು, ಅದು ಬೀಳದ ಹಾಗೆ ಎಳೆ ಎಂದರು. ಬಿತ್ತು. ಎತ್ತಿಟ್ಟರು. ಬಿತ್ತು. ಎತ್ತಿಡುವಾಗ ಅವರ ಕೈ ನಡುಗಿ ನಾಣ್ಯ ಒಮ್ಮೊಮ್ಮೆ ಅವರಿಂದಲೇ ಬೀಳುತ್ತಿತ್ತು. ಆಗ ನಾನು ಬಗ್ಗಿ ಎತ್ತಿ ಕೊಡುತ್ತಿದ್ದೆ. ಭಾರವನ್ನು ಹಟದಿಂದ ಜಗ್ಗಿದರೆ ಅದು ನಮ್ಮನ್ನು ಎಡಮೂಲೆಗೆ ಎಳೆದೊಯ್ಯುತ್ತದೆ. ಒತ್ತುತ್ತಿದ್ದೇನೆಂಬುದು ಬೆರಳಿಗೇ ಗೊತ್ತಾಗದಷ್ಟು ಮೆಲ್ಲಗೆ ಒತ್ತುತ್ತ ಹೋದರೆ ಯಾವುದೋ ಒಂದು ಕ್ಷಣದಲ್ಲಿ ಅದು ತಾನಾಗಿ ಬಿಟ್ಟುಕೊಡುತ್ತದೆ. ಇದನ್ನು ಬರೆಯಲು ಒಂದು ವಾಕ್ಯ ಸಾಕು. ಕಲಿಯಲು ನನಗೆ ಒಂಬತ್ತು ತಿಂಗಳು ಬೇಕಾಯಿತು. ಸಾವಿರವನ್ನು ಎಣಿಸುವುದನ್ನು ಯಾವಾಗಲೋ ಬಿಟ್ಟಿದ್ದೆ.

ಈ ನಡುವೆ ಸಿಟಿಜನ್‌ಷಿಪ್ಪೂ ಬಂತು. ಮೊದಲೇ ಹಾಕಿದ್ದ ಅರ್ಜಿಗೆ ಎಚ್ಚರಿಕೆಯ ಪತ್ರದ ಪ್ರತಿಯನ್ನು ನಾನೇ ಆಮೇಲೆ ಕಳಿಸಿ ಸೇರಿಸಿದ್ದೆ. ಅದನ್ನು ಓದಿದವರು ಯಾರಾದರೂ ಇದ್ದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಸಮಾರಂಭದಲ್ಲಿ ಒಂದು ಸಸಿ ಕೊಟ್ಟರು, ಅದು ತಿಂಗಳೊಳಗೆ ಸತ್ತಿತು, ನಾವು ಉಳಿದೆವು.

ಮುಂದಿನ ವರ್ಷ ನನ್ನ ಸ್ವಂತ ಅಂಕಗಳ ಮೇಲೆ ಅಡಿಲೇಡಿಗೆ ಹೋದೆ. ರಿಪೇರಿಯವನು ಹೊಸ ಭಾಗಗಳನ್ನು ಹಾಕಿಕೊಟ್ಟ ಪಿಸ್ತೂಲು ಕಾರ್ಖಾನೆಯಿಂದ ಬಂದಷ್ಟೇ ಭಾರ, ಅಷ್ಟೇ ಗರಗರ. ಕೆವಿನ್ ತಂಡದ ಸಾಮಾನು ಕಾಯಲು ಬರುತ್ತೇನೆಂದು ತಾವಾಗಿ ಹೊರಟಿದ್ದರು. ನಾನು ಹತ್ತೊಂಬತ್ತನೆಯವಳಾದೆ. ಎಷ್ಟು ಜನರಲ್ಲಿ ಎಂದು ದಯವಿಟ್ಟು ಕೇಳಬೇಡಿ. ಕೊನೆಯ ಸುತ್ತಿನಲ್ಲಿ ಒಂದೂ ಎಡಮೂಲೆಗೆ ಹೋಗಲಿಲ್ಲ ಎಂಬುದನ್ನು ಮಾತ್ರ, ನೀವು ಕೇಳದಿದ್ದರೂ, ಹೇಳುತ್ತೇನೆ.

ಮುಗಿದ ಮೇಲೆ ಎಲ್ಲರೂ ಬಸ್ಸಿನ ಕಡೆ ಹೊರಟರು. ಕೆವಿನ್ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಅವರ ಎಡಗಾಲಿನ ಶೂ ದಾರ ಬಿಚ್ಚಿತ್ತು. ಬಗ್ಗಿ ಎರಡು ಸಲ ಪ್ರಯತ್ನಿಸಿದರು. ದಾರ ಬೆರಳುಗಳಿಂದ ಜಾರಿತು. ನಾನು ಬೇರೆ ಕಡೆ ನೋಡುವವಳಿದ್ದೆ, ಇಂಥ ಹೊತ್ತಿನಲ್ಲಿ ನಾವೆಲ್ಲ ನೋಡುವ ಹಾಗೆ. ಅಷ್ಟರಲ್ಲಿ ಅವರೇ ಕರೆದರು.

"ಸುಮೋ, ಇದೊಂದು ಕಟ್ಟಿಕೊಡು. ನನ್ನ ಕೈಲಾಗ್ತಿಲ್ಲ."

ಜನ ಆಚೀಚೆ ನಡೆಯುತ್ತಲೇ ಇದ್ದರು. ನಮ್ಮ ಕಡೆಯವರು ಹಿರಿಯರ ಪಾದ ಹಿಡಿಯುವುದು ವಾಡಿಕೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅಂದುಕೊಳ್ಳಲಿ ಎಂದು ಮೊಣಕಾಲೂರಿ ಕೂತು, ದಾರವನ್ನು ಸರಿಯಾಗಿ ಎಳೆದು ಗಂಟು ಹಾಕಿದೆ.

"ಸಾಕಾ?"

"ಬಿಗಿಯಾಯ್ತು. ಸ್ವಲ್ಪ ಸಡಿಲ ಮಾಡು," ಎಂದರು.

ಸಡಿಲ ಮಾಡಿದೆ. ಒಂದೇ ಒಂದು ಕೂದಲೆಳೆಯಷ್ಟು. ಅವರು ನನ್ನ ಭುಜದ ಮೇಲೆ ಕೈಯೂರಿ ಎದ್ದರು. ಆ ಕೈ ಬಸ್ಸಿನವರೆಗೂ ನನ್ನ ಭುಜದ ಮೇಲೆ ನಡುಗುತ್ತಲೇ ಇತ್ತು.